ಕೇಳಿಯೇ ಕೊಡುವ ಕರೆಂಟು

ಅಪಾರ್ಟ್‌ಮೆಂಟಿನ ಗೇಟಿನ ಮೇಲೆ, ಆಸ್ಪತ್ರೆಯ ಕಾರಿಡಾರಿನಲ್ಲಿ, ಜವಳಿ ಅಂಗಡಿಯ ಕ್ಯಾಷ್ ಕೌಂಟರಿನ ನೆತ್ತಿಯಲ್ಲಿ ಕೂತಿರುವ ಹೊಸ ಸಿಸಿ ಕ್ಯಾಮೆರಾಗಳನ್ನು ಒಮ್ಮೆ ಗಮನಿಸಿ. ಅವುಗಳಲ್ಲಿ ಹಲವಕ್ಕೆ ಹೋಗುವುದು ಒಂದೇ ಒಂದು ಕೇಬಲ್ಲು. ಪಕ್ಕದಲ್ಲಿ ಪ್ಲಗ್ ಪಾಯಿಂಟ್ ಇಲ್ಲ, ನೇತಾಡುವ ಅಡಾಪ್ಟರ್ ಇಲ್ಲ. ಚಿತ್ರ ಯಾವ ಕೇಬಲ್ಲಿನಲ್ಲಿ ಹೊರಗೆ ಬರುತ್ತದೋ ಅದೇ ಕೇಬಲ್ಲಿನಲ್ಲಿ ಕರೆಂಟು ಒಳಗೆ ಹೋಗುತ್ತದೆ. ಆಫೀಸಿನ ಚಾವಣಿಗೆ ಅಂಟಿಕೊಂಡ ವೈಫೈ ಡಬ್ಬಿ, ಮೇಜಿನ ಮೇಲಿನ ಇಂಟರ್‌ನೆಟ್ ಫೋನು, ಬಾಗಿಲ ಬಳಿ ಬೆರಳೊತ್ತಿಸಿಕೊಳ್ಳುವ ಹಾಜರಾತಿ ಯಂತ್ರ ಇವುಗಳದ್ದೂ ಎಷ್ಟೋ ಕಡೆ ಇದೇ ಕಥೆ. ಈ ಏರ್ಪಾಟಿನ ಹೆಸರು ಪವರ್ ಓವರ್ ಈಥರ್ನೆಟ್. ಕ್ಯಾಮೆರಾ ಹಾಕುವ ಹುಡುಗರ ಬಾಯಲ್ಲಿ ಪಿಒಇ.

ಒಂದೇ ಕೇಬಲ್ಲು ಎರಡು ಕೆಲಸ ಮಾಡುವುದೇ ಇದರ ಚಮತ್ಕಾರ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ತಾಮ್ರದ ತಂತಿ ಇದ್ದ ಮೇಲೆ ಅದರಲ್ಲಿ ಕರೆಂಟು ಹರಿಸುವುದೇನು ಮಹಾ? ಕಷ್ಟ ಇರುವುದು ಬೇರೆ ಕಡೆ. ನೆಟ್‌ವರ್ಕ್ ಸ್ವಿಚ್ಚಿನ ಚೌಕಾಕಾರದ ಆರ್‌ಜೆ-45 ತೂತಿಗೆ ಕರೆಂಟು ಬೇಡುವ ಕ್ಯಾಮೆರಾವನ್ನೂ ಸಿಕ್ಕಿಸಬಹುದು, ಅದರ ನಿರೀಕ್ಷೆಯೇ ಇಲ್ಲದ ಲ್ಯಾಪ್‌ಟಾಪು, ಪ್ರಿಂಟರು, ಯಾವುದೋ ಕಾಲದ ರೌಟರನ್ನೂ ಸಿಕ್ಕಿಸಬಹುದು. ತೂತು ಒಂದೇ, ಪ್ಲಗ್ಗೂ ಒಂದೇ. ಯಾರು ಯಾವಾಗ ಏನನ್ನು ತಂದು ಸಿಕ್ಕಿಸುತ್ತಾರೆಂದು ಸ್ವಿಚ್ಚಿಗೆ ಮೊದಲೇ ತಿಳಿದಿರುವುದಿಲ್ಲ.

ತಿಳಿಯದೆ 48 ವೋಲ್ಟ್ ಹರಿಸಿಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಹೈಸ್ಕೂಲಿನ ಲೆಕ್ಕ ಸಾಕು. ಈಥರ್ನೆಟ್ ಕೇಬಲ್ಲಿನಲ್ಲಿ ಎಂಟು ತಂತಿ, ಎರಡೆರಡು ಹೊಸೆದ ನಾಲ್ಕು ಜೋಡಿ. ಬಹಳಷ್ಟು ಉಪಕರಣಗಳ ಒಳಗೆ ಪ್ರತಿ ಜೋಡಿಗೂ 75 ಓಮ್‌ನ ಒಂದು ಪುಟ್ಟ ರೆಸಿಸ್ಟರ್ ಕೂರಿಸಿರುತ್ತಾರೆ. ಕೇಬಲ್ಲಿನಲ್ಲಿ ಹುಟ್ಟುವ ಅನಗತ್ಯ ಸದ್ದನ್ನು ಹೀರಿಕೊಳ್ಳಲು. ಎಂಜಿನಿಯರುಗಳು ಇದನ್ನು ಬಾಬ್ ಸ್ಮಿತ್ ಟರ್ಮಿನೇಷನ್ ಎನ್ನುತ್ತಾರೆ. ಹಾಗಾಗಿ ಎರಡು ಜೋಡಿಗಳ ನಡುವೆ ಅಳೆದರೆ 150 ಓಮ್ ಸಿಗುತ್ತದೆ. ಅದರ ಮೇಲೆ 48 ವೋಲ್ಟ್ ಬಿದ್ದರೆ 15 ವಾಟ್‌ಗೂ ಮಿಕ್ಕಿದ ಶಾಖ. ಒಂದು ವಾಟಿನ ಸಣ್ಣ ಪಾಲನ್ನಷ್ಟೇ ತಾಳಬಲ್ಲ ಆ ರೆಸಿಸ್ಟರುಗಳು ಸುಟ್ಟು ಕರಕಲಾಗಲು ಹೆಚ್ಚು ಹೊತ್ತು ಬೇಡ.

ಅದಕ್ಕೇ ಪಿಒಇ ಸ್ವಿಚ್ಚು ಗೊತ್ತಿಲ್ಲದ ಹೊಳೆಗೆ ಇಳಿಯುವವನು ಮೊದಲು ಕೋಲು ಊರಿ ಆಳ ನೋಡುವ ಹಾಗೆ ವರ್ತಿಸುತ್ತದೆ. ಕೇಬಲ್ಲಿಗೆ ಅದು ಮೊದಲು ಕೊಡುವುದು 2.8ರಿಂದ 10 ವೋಲ್ಟ್‌ನೊಳಗಿನ ಮೆದು ಒತ್ತಡ, ಅದೂ 5 ಮಿಲಿಆಂಪಿಯರ್ ದಾಟದಂತೆ ಬಿಗಿಹಿಡಿದು. ಇಷ್ಟರಲ್ಲಿ ಯಾವ ಉಪಕರಣವೂ ಸುಡುವುದಿಲ್ಲ. ಎದುರು ತುದಿಯಲ್ಲಿ ಅದು ಹುಡುಕುವುದು ಒಂದೇ ಒಂದು ಗುರುತನ್ನು: 25 ಕಿಲೋಓಮ್‌ನ ಒಂದು ರೆಸಿಸ್ಟರ್. ಪಿಒಇ ಮೇಲೆ ನಡೆಯುವ ಪ್ರತಿಯೊಂದು ಉಪಕರಣವೂ ತನ್ನ ಬಾಗಿಲಲ್ಲೇ ಈ ಗುರುತನ್ನು ಇಟ್ಟುಕೊಂಡಿರಬೇಕೆಂಬುದು ನಿಯಮ. ಬೆಲೆಯಲ್ಲಿ ಪೈಸೆಗಳ ಲೆಕ್ಕದ ವಸ್ತು. ಅದು ಕಂಡರೆ ಕರೆಂಟು, ಕಾಣದಿದ್ದರೆ ಇಲ್ಲ.

25 ಕಿಲೋಓಮನ್ನೇ ಆರಿಸಿಕೊಂಡದ್ದು ಜಾಣತನದ ಕೆಲಸ. ಮಾಮೂಲಿ ಉಪಕರಣ ಸಿಕ್ಕಿಸಿದರೆ ಸ್ವಿಚ್ಚಿಗೆ ಕಾಣುವುದು ನೂರೈವತ್ತರ ಆಸುಪಾಸಿನ ಓಮ್, ಇಲ್ಲವೇ ನೇರ ಶಾರ್ಟ್. ಏನೂ ಸಿಕ್ಕಿಸದಿದ್ದರೆ ಅನಂತ. 25 ಕಿಲೋಓಮ್ ಎಂಬುದು ಈ ಎರಡೂ ದಡದಿಂದ ದೂರ. ಅಕಸ್ಮಾತ್ತಾಗಿ ಎದುರಾಗುವ ಸಂಖ್ಯೆಯಲ್ಲ. ಬಿಸಿಲು, ಚಳಿ, ಕೇಬಲ್ಲಿನ ಉದ್ದ ಇವುಗಳಿಂದ ಅಳತೆ ತುಸು ಆಚೀಚೆ ಆಗುತ್ತದೆಂದು 19ರಿಂದ 26.5 ಕಿಲೋಓಮ್‌ವರೆಗೆ ಸ್ವಿಚ್ಚು ಒಪ್ಪಿಕೊಳ್ಳುತ್ತದೆ. 15ಕ್ಕಿಂತ ಕೆಳಗೆ, 33ಕ್ಕಿಂತ ಮೇಲೆ ಕಂಡರೆ ಕಡ್ಡಾಯವಾಗಿ ನಿರಾಕರಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ, ನನಗೆ ಬಹಳ ಇಷ್ಟವಾದದ್ದು. ಕೇಬಲ್ಲಿನ ಪ್ಲಸ್ ಮೈನಸ್ ಅದಲುಬದಲಾದರೂ ಕೆಟ್ಟುಹೋಗದಿರಲೆಂದು ಉಪಕರಣದ ಬಾಗಿಲಲ್ಲಿ ಡಯೋಡುಗಳ ಒಂದು ಸೇತುವೆ ಇರುತ್ತದೆ. ಡಯೋಡುಗಳು ಸುಮ್ಮನೆ ದಾರಿ ಬಿಡುವುದಿಲ್ಲ, ಸುಂಕವಾಗಿ ಸುಮಾರು 1.4 ವೋಲ್ಟ್ ಇಟ್ಟುಕೊಳ್ಳುತ್ತವೆ. ಸ್ವಿಚ್ಚು 4 ವೋಲ್ಟ್ ಕೊಟ್ಟಿತು ಎನ್ನಿ. ರೆಸಿಸ್ಟರಿಗೆ ತಲುಪುವುದು 2.6 ಮಾತ್ರ; ಹರಿಯುವುದು 0.104 ಮಿಲಿಆಂಪಿಯರ್. ಭಾಗಿಸಿದರೆ 38 ಕಿಲೋಓಮ್ ಬರುತ್ತದೆ, ಅರ್ಹ ಉಪಕರಣ ಅನರ್ಹವಾಗುತ್ತದೆ. 8 ವೋಲ್ಟ್ ಕೊಟ್ಟು ನೋಡಿದರೆ 30 ಕಿಲೋಓಮ್, ಅದೂ ತಪ್ಪು. ಆದರೆ ಎರಡೂ ಅಳತೆಗಳ ವ್ಯತ್ಯಾಸವನ್ನಷ್ಟೇ ಹಿಡಿಯಿರಿ. ಒತ್ತಡ ಹೆಚ್ಚಿದ್ದು 4 ವೋಲ್ಟ್, ಕರೆಂಟು ಹೆಚ್ಚಿದ್ದು 0.16 ಮಿಲಿಆಂಪಿಯರ್. ಭಾಗಿಸಿ: ಸರಿಯಾಗಿ 25 ಕಿಲೋಓಮ್. ಡಯೋಡಿನ ಸುಂಕ ಎರಡೂ ಸಲ ಒಂದೇ ಇದ್ದದ್ದರಿಂದ ಕಳೆಯುವ ಲೆಕ್ಕದಲ್ಲಿ ತಾನಾಗಿ ಮಾಯವಾಯಿತು. ಹಾಗಾಗಿ ಸ್ವಿಚ್ಚು ಯಾವತ್ತೂ ಒಂದು ಸಲ ಅಳೆದು ತೀರ್ಮಾನಿಸುವುದಿಲ್ಲ. ಕನಿಷ್ಠ ಒಂದು ವೋಲ್ಟಾದರೂ ಅಂತರವಿರುವ ಎರಡು ಒತ್ತಡಗಳಲ್ಲಿ ಅಳೆಯುತ್ತದೆ. ಇದೆಲ್ಲ ಅರ್ಧ ಸೆಕೆಂಡಿನೊಳಗೆ ಮುಗಿಯುತ್ತದೆ.

ಎರಡು ಪಿಒಇ ಸ್ವಿಚ್ಚುಗಳನ್ನೇ ಪರಸ್ಪರ ಜೋಡಿಸಿದರೆ? ಎರಡೂ ಕೇಳುತ್ತವೆ, ಎರಡರಲ್ಲೂ 25 ಕಿಲೋಓಮ್ ಇಲ್ಲ, ಹೀಗಾಗಿ ಯಾರೂ ಯಾರಿಗೂ ಕೊಡುವುದಿಲ್ಲ. ಮಾಹಿತಿ ಮಾತ್ರ ಹರಿದಾಡುತ್ತದೆ. ಇನ್ನು, ಹಳೆಯ ಸ್ವಿಚ್ಚಿಟ್ಟುಕೊಂಡು ನಡುವೆ ಕರೆಂಟು ತುಂಬಿಸುವ ಇಂಜೆಕ್ಟರ್ ಎಂಬ ಡಬ್ಬಿ ಸೇರಿಸುವ ಪದ್ಧತಿಯೂ ಉಂಟು. ಸ್ವಿಚ್ಚೂ ಇಂಜೆಕ್ಟರೂ ಎರಡೂ ಪಿಒಇ ಆಗಿದ್ದು, ಒಟ್ಟಿಗೇ ಒಂದೇ ಕ್ಯಾಮೆರಾವನ್ನು ವಿಚಾರಿಸಲು ಹೊರಟರೆ ಇಬ್ಬರ ಅಳತೆಯೂ ಕೆಡುತ್ತದೆ. ಆಗ ನಡುವಿನ ಡಬ್ಬಿ ಎರಡು ಸೆಕೆಂಡಾದರೂ ಸುಮ್ಮನಿರಬೇಕೆಂದು ನಿಯಮದಲ್ಲೇ ಬರೆದಿದೆ. ಆ ಬಿಡುವಿನಲ್ಲಿ ಸ್ವಿಚ್ಚು ತನ್ನ ವಿಚಾರಣೆ ಮುಗಿಸಿ ಕರೆಂಟು ಕೊಟ್ಟುಬಿಡುತ್ತದೆ. ಸರದಿ ತಪ್ಪಿದರೆ ಯಾರು ಹಿಂದೆ ಸರಿಯಬೇಕೆಂಬುದನ್ನೂ ಯೋಚಿಸಿ ಬರೆದ ಮಾನದಂಡ ಇದು.

ಇಂಥ ಮಾನದಂಡ ಹುಟ್ಟಿದ್ದು ಫೋನಿನ ದೆಸೆಯಿಂದ. ಮನೆಯ ಲ್ಯಾಂಡ್‌ಲೈನು ಕರೆಂಟು ಹೋದಾಗಲೂ ಕೆಲಸ ಮಾಡುತ್ತಿದ್ದುದು ನಡುವಯಸ್ಸು ದಾಟಿದವರಿಗೆ ನೆನಪಿರುತ್ತದೆ. ದೂರವಾಣಿ ವಿನಿಮಯ ಕೇಂದ್ರದ ಬ್ಯಾಟರಿಗಳಿಂದ 48 ವೋಲ್ಟ್ ಅದೇ ಮಾತಿನ ತಂತಿಯಲ್ಲಿ ಮನೆಗೆ ಬರುತ್ತಿತ್ತು. 1990ರ ದಶಕದ ಕೊನೆಯಲ್ಲಿ ಕಂಪನಿಗಳು ಆಫೀಸಿನ ಫೋನುಗಳನ್ನು ಕಂಪ್ಯೂಟರ್ ಜಾಲಕ್ಕೆ ಬದಲಿಸಲು ಹೊರಟಾಗ ಈ ಸೌಲಭ್ಯ ಕೈತಪ್ಪಿತು. ಹೊಸ ಫೋನಿಗೆ ಪ್ರತಿ ಮೇಜಿನಲ್ಲೂ ಅಡಾಪ್ಟರು ಬೇಕು. ಕರೆಂಟು ಹೋದರೆ ಫೋನೂ ಹೋಯಿತು. ಬೆಂಕಿ ಬಿದ್ದಾಗ ಸತ್ತುಹೋಗುವ ಫೋನನ್ನು ಯಾರು ಕೊಳ್ಳುತ್ತಾರೆ? ಇಸ್ರೇಲಿನ ಪವರ್‌ಡಿಸೈನ್ ಕಂಪನಿ ಈಥರ್ನೆಟ್ ತಂತಿಯಲ್ಲೇ ಕರೆಂಟು ತುಂಬಿಸುವ ಡಬ್ಬಿಗಳನ್ನು ತಂದಿತು. ಅಮೆರಿಕದ ಸಿಸ್ಕೋ 2000ದಲ್ಲಿ ತನ್ನದೇ ‘ಇನ್‌ಲೈನ್ ಪವರ್’ ಹೊರತಂದಿತು. ಸಿಸ್ಕೋದ ವಿಚಾರಣೆಯ ದಾರಿ ಬೇರೆ: ಸ್ವಿಚ್ಚು ಒಂದು ವಿಶೇಷ ಸಂಕೇತ ಕಳಿಸುತ್ತದೆ, ನಿದ್ದೆಯಲ್ಲಿರುವ ಫೋನು ಅದನ್ನು ಹಾಗೆಯೇ ಹಿಂದಿರುಗಿಸುತ್ತದೆ. ಸಿಸ್ಕೋ ಫೋನಿಗೆ ಸಿಸ್ಕೋ ಸ್ವಿಚ್ಚೇ ಬೇಕು ಎಂಬಲ್ಲಿಗೆ ಗಿರಾಕಿ ಕಟ್ಟುಬೀಳುತ್ತಿದ್ದ. ಎಲ್ಲರಿಗೂ ಒಂದೇ ನಿಯಮ ಬಂದದ್ದು 2003ರಲ್ಲಿ, ಎಂಜಿನಿಯರುಗಳ ಸಂಸ್ಥೆ ಐಇಇಇ 802.3ಎಎಫ್ ಎಂಬ ಮಾನದಂಡವನ್ನು ಒಪ್ಪಿದಾಗ. 25 ಕಿಲೋಓಮ್ ಅಧಿಕೃತವಾದದ್ದು ಆಗಲೇ.

ಮಾಹಿತಿಯೂ ಕರೆಂಟೂ ಒಂದೇ ಜೋಡಿಯಲ್ಲಿ ಹೋದರೂ ಬೆರೆಯದಿರುವುದು ಹೇಗೆ ಎಂಬ ಪ್ರಶ್ನೆಗೂ ಉತ್ತರ ಹಳೆಯ ಟೆಲಿಫೋನಿನಲ್ಲೇ ಇತ್ತು. ಈಥರ್ನೆಟ್ ಸಂಕೇತವೆಂದರೆ ಜೋಡಿಯ ಎರಡು ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸ. ಎರಡೂ ತಂತಿಗಳನ್ನು ಒಟ್ಟಿಗೆ 48 ವೋಲ್ಟ್ ಮೇಲೆತ್ತಿದರೆ ವ್ಯತ್ಯಾಸವೇನೂ ಬದಲಾಗುವುದಿಲ್ಲ. ಹೀಗೆ ಒಂದು ಜೋಡಿಯನ್ನು ಮೇಲೆತ್ತಿ, ಇನ್ನೊಂದು ಜೋಡಿಯನ್ನು ವಾಪಸು ದಾರಿಯಾಗಿಟ್ಟರೆ ಕರೆಂಟಿಗೆ ಸುತ್ತು ಸಿಕ್ಕಿತು. ಪ್ರತಿ ಜೋಡಿಯ ತುದಿಯಲ್ಲಿ ಹೇಗೂ ಇರುವ ಟ್ರಾನ್ಸ್‌ಫಾರ್ಮರಿನ ಸುರುಳಿಗೆ ನಟ್ಟನಡುವೆ ಕರೆಂಟು ಊಡಿಸುತ್ತಾರೆ. ಅದು ಎಡಕ್ಕೂ ಬಲಕ್ಕೂ ಸಮನಾಗಿ ಹಂಚಿಹೋಗಿ ಎರಡರ ಕಾಂತಪ್ರಭಾವ ಒಂದನ್ನೊಂದು ಅಳಿಸಿಹಾಕುತ್ತದೆ. ಟೆಲಿಫೋನಿನವರು ಬಹಳ ಹಿಂದೆಯೇ ಈ ಉಪಾಯದಿಂದ ಎರಡು ಜೋಡಿ ತಂತಿಯಲ್ಲಿ ಮೂರು ಮಾತುಕತೆ ನಡೆಸುತ್ತಿದ್ದರು. ಹಾಡುಗಾರರ ಕಂಡೆನ್ಸರ್ ಮೈಕಿಗೆ ಮಿಕ್ಸರಿನಿಂದ 48 ವೋಲ್ಟ್ ಹೋಗುವ ‘ಫ್ಯಾಂಟಮ್ ಪವರ್’ ಕೂಡ ಇದೇ ವಂಶದ್ದು.

ಗುರುತು ಸಿಕ್ಕ ಮೇಲೆ ಎರಡನೇ ಪ್ರಶ್ನೆ: ಎಷ್ಟು ಬೇಕು? ಸ್ವಿಚ್ಚು ಒತ್ತಡವನ್ನು 15.5ರಿಂದ 20.5 ವೋಲ್ಟ್‌ನ ನಡುವೆ ತರುತ್ತದೆ. ಉಪಕರಣ ಅದಕ್ಕೆ ಉತ್ತರವಾಗಿ ಒಂದು ನಿಗದಿತ ಕರೆಂಟನ್ನು ಎಳೆಯುತ್ತದೆ. 10 ಮಿಲಿಆಂಪಿಯರಿನ ಆಸುಪಾಸು ಎಳೆದರೆ ಒಂದನೇ ದರ್ಜೆ, ಸ್ವಿಚ್ಚು 4 ವಾಟ್ ಎತ್ತಿಡಬೇಕು. 18ರ ಆಸುಪಾಸಾದರೆ ಎರಡನೇ ದರ್ಜೆ, 7 ವಾಟ್. 28ಕ್ಕೆ ಮೂರನೆಯದು, 15.4 ವಾಟ್. 40ಕ್ಕೆ ನಾಲ್ಕನೆಯದು, 30 ವಾಟ್. ಈ ನಾಲ್ಕನೆಯದು ಬಳಕೆಗೆ ಬಂದದ್ದು 2009ರ 802.3ಎಟಿ ಮಾನದಂಡದೊಂದಿಗೆ. ಅಲ್ಲಿ ಇನ್ನೊಂದು ಚಂದದ ತಿರುವು ಸೇರಿಕೊಂಡಿತು. 30 ವಾಟ್ ಕೊಡಬಲ್ಲ ಸ್ವಿಚ್ಚು ಇದೇ ಪ್ರಶ್ನೆಯನ್ನು ಎರಡು ಸಲ ಕೇಳಬಹುದು. ಉಪಕರಣ ಎಣಿಸುತ್ತದೆ. ಎರಡು ಸಲ ಕೇಳಿದರೆ ಎದುರಿಗಿರುವವನು ದೊಡ್ಡ ಕುಳ. ಒಂದೇ ಸಲ ಕೇಳಿ ಕರೆಂಟು ಕೊಟ್ಟರೆ ಸದ್ಯಕ್ಕೆ 13 ವಾಟ್‌ನೊಳಗೆ ಸಂಸಾರ ಮಾಡಬೇಕು. 2018ರ 802.3ಬಿಟಿಯಲ್ಲಿ ನಾಲ್ಕೂ ಜೋಡಿಗಳಲ್ಲಿ ಕರೆಂಟು ಹರಿಸಿ 90 ವಾಟ್‌ವರೆಗೆ ಏರಿದರು. ಅಲ್ಲಿ ಐದು ಸಲದವರೆಗೆ ಕೇಳುವುದುಂಟು. ಉಪಕರಣ ಎಚ್ಚರವಾದ ಮೇಲೆ, ಎರಡೂ ಕಡೆ ಸೌಲಭ್ಯವಿದ್ದರೆ, ಎಲ್‌ಎಲ್‌ಡಿಪಿ ಎಂಬ ಸಂದೇಶಗಳ ಮೂಲಕ ವಾಟಿನ ಹತ್ತನೇ ಒಂದು ಭಾಗದವರೆಗೆ ಚೌಕಾಸಿ ನಡೆಸಬಹುದು.

ಈ ವಿಚಾರಣೆ ಏಕೆಂದರೆ ಸ್ವಿಚ್ಚಿನ ಬೊಕ್ಕಸಕ್ಕೆ ಮಿತಿಯಿದೆ. 24 ಪೋರ್ಟಿನ ಪಿಒಇ ಸ್ವಿಚ್ಚುಗಳ ವಿವರಪಟ್ಟಿಯಲ್ಲಿ 370 ವಾಟ್ ಎಂಬ ಅಂಕಿ ಮತ್ತೆಮತ್ತೆ ಕಾಣುತ್ತದೆ. 24ನ್ನು 15.4ರಿಂದ ಗುಣಿಸಿದರೆ ಅದರ ಗುಟ್ಟು ತಿಳಿಯುತ್ತದೆ. ಅದೇ ಸ್ವಿಚ್ಚಿಗೆ 30 ವಾಟಿನ ಉಪಕರಣಗಳನ್ನು ಸಿಕ್ಕಿಸುತ್ತ ಹೋದರೆ, ಪೂರ್ತಿ 30ನ್ನೂ ಎತ್ತಿಡುವುದಾದರೆ ಹನ್ನೆರಡಕ್ಕೇ ಬೊಕ್ಕಸ ಬರಿದು. ಉಳಿದ ತೂತುಗಳಲ್ಲಿ ಮಾಹಿತಿ ಮಾತ್ರ. ಕ್ಯಾಮೆರಾ ಹಗಲೆಲ್ಲ ಸರಿಯಾಗಿದ್ದು ಸಂಜೆಯಾಗುತ್ತಲೇ ಆಫ್ ಆಗಿ ಆನ್ ಆಗುತ್ತ ಕಾಡುವ ದೂರು ಇದ್ದರೆ ಮೊದಲು ನೋಡಬೇಕಾದ್ದು ಇಲ್ಲಿ. ಕತ್ತಲಾದಾಗ ಅದರ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಂಡು ಬೇಡಿಕೆ ಜಿಗಿಯುತ್ತದೆ. ಕ್ಯಾಮೆರಾ ಬದಲಿಸಿ ಬದಲಿಸಿ ದುಡ್ಡು ಕಳೆಯುವವರು ಸ್ವಿಚ್ಚಿನ ವಾಟ್ ಲೆಕ್ಕ ನೋಡುವುದು ಕಡಿಮೆ.

ಎರಡೂ ಉತ್ತರ ಸಿಕ್ಕ ಮೇಲಷ್ಟೇ ಪೂರ್ತಿ ಒತ್ತಡ, 44ರಿಂದ 57 ವೋಲ್ಟ್. 57ಕ್ಕೇ ನಿಲ್ಲಿಸಿದ್ದೂ ಸುಮ್ಮನೆ ಅಲ್ಲ. 60 ವೋಲ್ಟ್ ಡಿಸಿವರೆಗೆ ಸಾಮಾನ್ಯ ಸ್ಥಿತಿಯಲ್ಲಿ ಮುಟ್ಟಿದರೂ ಅಪಾಯವಿಲ್ಲವೆಂದು ಅಂತರರಾಷ್ಟ್ರೀಯ ಸುರಕ್ಷತಾ ನಿಯಮಗಳು ಪರಿಗಣಿಸುತ್ತವೆ. ಆ ಗೆರೆಯೊಳಗಿದ್ದರೆ ಮನೆಯ 230 ವೋಲ್ಟ್ ವೈರಿಂಗಿಗೆ ಬೇಕಾದ ಪೈಪು, ಅರ್ಥಿಂಗು, ಎಲೆಕ್ಟ್ರಿಷಿಯನ್ ಎಂಬ ರಗಳೆಗಳು ಬಹುಪಾಲು ತಪ್ಪುತ್ತವೆ. ಪಿಒಇ ಇಷ್ಟು ಬೇಗ ಹಬ್ಬಲು ನನ್ನ ಪ್ರಕಾರ ಇದೇ ದೊಡ್ಡ ಕಾರಣ.

ಕೊಟ್ಟ ಮೇಲೂ ಸ್ವಿಚ್ಚು ಕಣ್ಣು ಮುಚ್ಚುವುದಿಲ್ಲ. ಕ್ಯಾಮೆರಾದ ಕೇಬಲ್ ಕಿತ್ತು ಅದೇ ತುದಿಯನ್ನು ಯಾರಾದರೂ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ? ಅದಕ್ಕಾಗಿ ಉಪಕರಣ ಬದುಕಿರುವವರೆಗೂ ಸುಮಾರು 10 ಮಿಲಿಆಂಪಿಯರನ್ನಾದರೂ ಎಳೆಯುತ್ತ ತನ್ನ ಇರವನ್ನು ತಿಳಿಸುತ್ತಿರಬೇಕು. ಆ ಎಳೆತ 300ರಿಂದ 400 ಮಿಲಿಸೆಕೆಂಡು ಕಾಣದಿದ್ದರೆ ಸ್ವಿಚ್ಚು ಕರೆಂಟು ಕಿತ್ತುಕೊಂಡು ವಿಚಾರಣೆಯನ್ನು ಮೊದಲಿನಿಂದ ಶುರುಮಾಡುತ್ತದೆ. ಅಷ್ಟು ಹೊತ್ತಿನಲ್ಲಿ ಒಂದು ಪ್ಲಗ್ ಕಿತ್ತು ಇನ್ನೊಂದಕ್ಕೆ ಚುಚ್ಚುವ ಕೈಚಳಕ ಮನುಷ್ಯರಿಗಿಲ್ಲ. ಆದರೆ ಈ ನಿಯಮಕ್ಕೂ ಬೆಲೆ ಉಂಟು. ಚಾವಣಿಯ ಎಲ್‌ಇಡಿ ದೀಪಗಳನ್ನೂ ಪಿಒಇ ಮೇಲೆ ಉರಿಸಲು ಹೊರಟಾಗ, ಆರಿಸಿದ ದೀಪವೂ ಇರವು ತಿಳಿಸಲೆಂದೇ ಒಂದಿಷ್ಟು ಕರೆಂಟು ತಿನ್ನುತ್ತಿರಬೇಕಾಯಿತು. 802.3ಬಿಟಿ ಈ ನಾಡಿಮಿಡಿತವನ್ನು ಬಹಳ ಚುಟುಕು ಮಾಡಿತು. ಸುಮಾರು 320 ಮಿಲಿಸೆಕೆಂಡಿಗೊಮ್ಮೆ ಬರೀ ಆರೇಳು ಮಿಲಿಸೆಕೆಂಡು ಎಳೆದರೆ ಸಾಕು.

ಕೊಟ್ಟದ್ದೆಲ್ಲ ತಲುಪುವುದಿಲ್ಲ ಎಂಬುದು ಬೇರೆ ಮಾತು. ಮೊದಲ ಮಾನದಂಡದಲ್ಲಿ ಸ್ವಿಚ್ಚು 15.4 ವಾಟ್ ಕೊಟ್ಟರೆ ಉಪಕರಣ ನೆಚ್ಚಿಕೊಳ್ಳಬಹುದಾದದ್ದು 12.95. ಈ ವಿಚಿತ್ರ ಅಂಕಿ ಎಲ್ಲಿಂದ ಬಂತು? 44 ವೋಲ್ಟ್, 0.35 ಆಂಪಿಯರ್, ನೂರು ಮೀಟರ್ ಕೇಬಲ್ಲಿನ ಹೋಗಿಬರುವ ದಾರಿಗೆ ಗರಿಷ್ಠ 20 ಓಮ್ ರೋಧ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿ, 2.45 ವಾಟ್ ದಾರಿಯಲ್ಲೇ ಶಾಖವಾಯಿತು. ಉಳಿದದ್ದು 12.95. 90 ವಾಟ್ ಕೊಟ್ಟಾಗ ಉಪಕರಣಕ್ಕೆ 71.3 ಎಂದು ಬರೆದದ್ದೂ ಇದೇ ಲೆಕ್ಕದಿಂದಲೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರ್ ವಿದ್ಯುತ್ ಒಯ್ದಾಗ ಎಂಜಿನಿಯರುಗಳು ವೋಲ್ಟೇಜನ್ನು ಸಾವಿರಗಳಿಗೆ ಏರಿಸಿ ಕರೆಂಟನ್ನು ಇಳಿಸಿ ಗೆದ್ದದ್ದು ಇದೇ ವರ್ಗದ ಲೆಕ್ಕವನ್ನು. ಪಿಒಇಗೆ ಆ ದಾರಿ ಮುಚ್ಚಿದೆ, 60 ವೋಲ್ಟಿನ ಗೋಡೆ ಅಡ್ಡ ಬರುತ್ತದೆ. ಉಳಿದಿರುವುದು ಒಂದೇ: ಒಳ್ಳೆಯ ತಾಮ್ರ.

ಮತ್ತು ನಮ್ಮ ಮಾರುಕಟ್ಟೆಯಲ್ಲಿ ಮೋಸ ನಡೆಯುವುದು ಅಲ್ಲೇ. ಅಲ್ಯುಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಕೇಬಲ್ಲು, ಅಂಗಡಿಯವರ ಮಾತಿನಲ್ಲಿ ಸಿಸಿಎ, ಅಪ್ಪಟ ತಾಮ್ರಕ್ಕಿಂತ ತೀರ ಅಗ್ಗ. ಅದರ ರೋಧ ಸರಿಸುಮಾರು ಒಂದೂವರೆ ಪಟ್ಟು. ಮಾಹಿತಿ ಹೇಗೋ ಸಾಗುತ್ತದೆ, ಕರೆಂಟು ಸಾಗುವಾಗ ಕೇಬಲ್ಲು ಬಿಸಿಯಾಗುತ್ತದೆ, ದೂರದ ಕ್ಯಾಮೆರಾಗೆ ವೋಲ್ಟೇಜು ಸೊರಗುತ್ತದೆ. ಹತ್ತಾರು ಕೇಬಲ್ಲುಗಳನ್ನು ಕಟ್ಟು ಕಟ್ಟಿ ಪೈಪಿನಲ್ಲಿ ತುರುಕಿದರೆ ನಡುವಿನವುಗಳ ಶಾಖಕ್ಕೆ ಹೊರದಾರಿ ಇರುವುದಿಲ್ಲ. ಕೇಬಲ್ಲಿನ ಮಾನದಂಡಗಳು ಸಿಸಿಎಯನ್ನು ಒಪ್ಪುವುದೇ ಇಲ್ಲ. ಬ್ಲೇಡಿನಿಂದ ತಂತಿಯ ತುದಿ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರವಲ್ಲ. 305 ಮೀಟರಿನ ಪೆಟ್ಟಿಗೆಯನ್ನು ಎತ್ತಿದಾಗ ಹಗುರವೆನಿಸಿದರೂ ಅನುಮಾನಿಸಬಹುದು.

ಇದಕ್ಕಿಂತ ಕೆಟ್ಟದ್ದು ‘ಪ್ಯಾಸಿವ್ ಪಿಒಇ’ ಎಂಬ ಹೆಸರಿನಲ್ಲಿ ಬರುವ ಅಗ್ಗದ ಇಂಜೆಕ್ಟರುಗಳು. ಇವು ಕೇಳುವುದಿಲ್ಲ. ಗುರುತಿಲ್ಲ, ದರ್ಜೆಯಿಲ್ಲ, ಗೋಡೆಗೆ ಚುಚ್ಚಿದ ಕ್ಷಣದಿಂದ 4, 5, 7, 8ನೇ ತಂತಿಗಳಲ್ಲಿ 24 ವೋಲ್ಟೋ 48 ವೋಲ್ಟೋ ಸದಾ ಹರಿಯಲು ತಯಾರು. ತಾರಸಿಯ ಮೇಲೆ ವೈರ್‌ಲೆಸ್ ಇಂಟರ್‌ನೆಟ್ ಕೊಡುವವರ ಡಿಶ್ಶುಗಳಿಗೆ ಇವನ್ನು ಬಳಸುತ್ತಾರೆ. ಜೋಡಿ ಸರಿಯಿದ್ದರೆ ಕೆಲಸ ಮಾಡುತ್ತವೆ ಎಂಬುದೂ ನಿಜ. ಆದರೆ ಆ ತುದಿ ತಪ್ಪಿ ಬೇರೆ ಉಪಕರಣಕ್ಕೆ ಹೋದ ದಿನ ಮೇಲಿನ 150 ಓಮ್‌ನ ಲೆಕ್ಕ ಜಾರಿಗೆ ಬರುತ್ತದೆ. ಪೆಟ್ಟಿಗೆಯ ಮೇಲೆ ಬರೀ ಪಿಒಇ ಎಂದು ಬರೆದಿದ್ದರೆ ಸಾಲದು. 802.3ಎಎಫ್, ಎಟಿ ಅಥವಾ ಬಿಟಿ ಎಂದು ಇದೆಯೇ ನೋಡಿ ಕೊಳ್ಳಬೇಕು. ಹಾಗೆ ಬರೆದಿಲ್ಲದ್ದನ್ನು ನಾನಂತೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಕೇಳದೆ ಕೊಡುವುದನ್ನು ಮಾನದಂಡವೇ ಒಪ್ಪಿರುವ ಜಾಗವೂ ಒಂದಿದೆ: ಕಾರು. ಕಾರಿನೊಳಗಿನ ಕ್ಯಾಮೆರಾ, ಸೆನ್ಸರುಗಳಿಗೆ ನಾಲ್ಕರ ಬದಲು ಒಂದೇ ಜೋಡಿ ತಂತಿಯ ಈಥರ್ನೆಟ್ ಬಂದಿದೆ. ಅದರ ಮೇಲೆ ಕರೆಂಟು ಒಯ್ಯುವ ನಿಯಮ 2016ರ 802.3ಬಿಯು. ಅಲ್ಲಿ ಗುರುತು 25 ಕಿಲೋಓಮ್ ಅಲ್ಲ. ನಿಗದಿತ ಕರೆಂಟು ಹರಿಸಿದಾಗ 4 ವೋಲ್ಟಿಗಿಂತ ತುಸು ಹೆಚ್ಚಿನಲ್ಲಿ ನಿಲ್ಲುವ ಒತ್ತಡವೇ ಗುರುತು. ಆದರೆ ಗಾಡಿ ಶುರುವಾದ ಕ್ಷಣದಲ್ಲೇ ಬ್ರೇಕಿನ ಕಣ್ಣು ತೆರೆಯಬೇಕಿದ್ದರೆ ವಿಚಾರಣೆಗೆ ಪುರುಸೊತ್ತಿರುವುದಿಲ್ಲ. ತಂತಿಯ ಎರಡೂ ತುದಿಯಲ್ಲಿ ಏನಿದೆಯೆಂದು ಕಾರ್ಖಾನೆಯವರಿಗೆ ಗೊತ್ತಿರುವುದರಿಂದ ಅಂಥ ಕಡೆ ಪ್ರಶ್ನೆಗಳನ್ನು ಬಿಟ್ಟು ನೇರವಾಗಿ ಕರೆಂಟು ಕೊಡಲು ಅವಕಾಶವಿದೆ. ಆಫೀಸಿನ ಗೋಡೆಯ ಆರ್‌ಜೆ-45 ತೂತಿಗೆ ಈ ವಿನಾಯಿತಿ ಇಲ್ಲ. ಅಲ್ಲಿಗೆ ನಾಳೆ ಯಾರು ಏನನ್ನು ತಂದು ಸಿಕ್ಕಿಸುತ್ತಾರೋ ಹೇಳಲಾಗದು.